ಡ್ರ್ಯಾಗನ್ ತೋಟಕ್ಕೆ ಚಳಿಗಾಲದ ದೀಪ: ಘಟ್ಟದ ಕೆಳಗಿನ ಲೆಕ್ಕವೇ ಬೇರೆ

ಕರಾವಳಿಯ ಮಳೆಯಲ್ಲಿ ಡ್ರ್ಯಾಗನ್ ಹಣ್ಣು ಬೆಳೆಯುವುದೇ ಹುಚ್ಚು, ಅದಕ್ಕೆ ರಾತ್ರಿ ದೀಪ ಹಚ್ಚುವುದು ಇನ್ನೂ ದೊಡ್ಡ ಹುಚ್ಚು ಎಂದು ಅಂಕೋಲಾ ಪೇಟೆಯಲ್ಲಿ ನನ್ನ ಕಿವಿಗೆ ಬೀಳುವಂತೆಯೇ ಆಡಿಕೊಂಡವರಿದ್ದಾರೆ. ಈ ಫೆಬ್ರವರಿ ಕಟಾವಿಗೆ ಅವರಲ್ಲೇ ಕೆಲವರು ತೋಟಕ್ಕೆ ಬಂದು, ಹಣ್ಣು ತಿಂದು, ಬಲ್ಬಿನ ಲೆಕ್ಕ ಬರೆದುಕೊಂಡು ಹೋದರು. ಕೇಳುವವರು ಹೆಚ್ಚಾದ್ದರಿಂದ ಬರೆದೇ ಬಿಡುತ್ತಿದ್ದೇನೆ. ಕಂಬ, ಚಕ್ರ, ಸವರುವಿಕೆ, ಗೊಬ್ಬರ ಇವೆಲ್ಲ ನಿಮಗೆ ಗೊತ್ತಿರುವುದೇ; ಆ ಪುರಾಣ ಬೇಡ.

ನನ್ನದು ಚಿರೆಕಲ್ಲಿನ ಇಳಿಜಾರು, ಹದಿಮೂರು ಗುಂಟೆಯ ಆಸುಪಾಸು, ಗಿಡ ಹಬ್ಬಿಸಿದ ನೂರೈವತ್ತು ಕಂಬ. ನೀರು ನಿಲ್ಲುವುದಿಲ್ಲವಾದ್ದರಿಂದ ಗಿಡ ಬದುಕುತ್ತದೆ. ಆದರೆ ಮಳೆಗಾಲದ ಬೆಳೆಯಲ್ಲಿ ದುಡ್ಡಿಲ್ಲ. ಹೂವು ಅರಳುವುದು ಒಂದೇ ರಾತ್ರಿ. ಆ ರಾತ್ರಿ ಮಳೆ ಹೊಡೆದರೆ ಪರಾಗ ತೊಳೆದು ಹೋಯಿತು. ಕಾಯಿ ನಿಂತದ್ದರಲ್ಲೂ ಕಾಲುಭಾಗ ಕೊಳೆಯುತ್ತದೆ. ಉಳಿದದ್ದನ್ನು ಪೇಟೆಗೆ ಒಯ್ದರೆ ಬಯಲುಸೀಮೆಯ ಹಣ್ಣು ಲಾರಿಗಟ್ಟಲೆ ಬಂದು ಬಿದ್ದಿರುತ್ತದೆ. ಕಿಲೋಕ್ಕೆ ಎಂಬತ್ತು ಸಿಕ್ಕರೆ ಪುಣ್ಯ. ಜನವರಿ ದಾಟಿದರೆ ಅದೇ ಹಣ್ಣಿಗೆ ಗೋಕರ್ಣದ ಜ್ಯೂಸ್ ಅಂಗಡಿಯವರು, ಗೋವಾದಿಂದ ಬರುವವರು ನೂರೆಂಬತ್ತು, ಇನ್ನೂರು ಕೊಡುತ್ತಾರೆ. ಆಗ ಹಣ್ಣು ಯಾರಲ್ಲೂ ಇರುವುದಿಲ್ಲ.

ಇರದಿರುವುದಕ್ಕೆ ಕಾರಣ ರಾತ್ರಿಯ ಉದ್ದ. ನಮ್ಮ ಕಾರವಾರದ ಅಕ್ಷಾಂಶದಲ್ಲಿ ಜೂನ್ ಕೊನೆಯ ಹಗಲು ಸುಮಾರು 13 ಗಂಟೆ, ಡಿಸೆಂಬರಿನದು 11 ಕಾಲು ಗಂಟೆ. ಅಷ್ಟು ಸಣ್ಣ ವ್ಯತ್ಯಾಸವನ್ನೂ ಗಿಡ ಹಿಡಿಯುತ್ತದೆ. ಹಗಲು 12 ಗಂಟೆಗಿಂತ ಕೆಳಗಿಳಿದರೆ ಡ್ರ್ಯಾಗನ್ ಮೊಗ್ಗು ನಿಲ್ಲಿಸುತ್ತದೆ. ನಡುರಾತ್ರಿ ದೀಪ ಹಚ್ಚಿ ಕತ್ತಲನ್ನು ತುಂಡರಿಸಿದರೆ ರಾತ್ರಿ ಚಿಕ್ಕದೆಂದೇ ಎಣಿಸುತ್ತದೆ. ವಿಯೆಟ್ನಾಂನ ಬಿನ್ ಥುವಾನ್ ಪ್ರದೇಶದಲ್ಲಿ ಮೈಲುಗಟ್ಟಲೆ ತೋಟಗಳು ಹೀಗೆಯೇ ರಾತ್ರಿಯಿಡೀ ಹೊಳೆಯುತ್ತವೆ. ನಾನು ಹೊಸದೇನನ್ನೂ ಕಂಡುಹಿಡಿದಿಲ್ಲ. ಇಲ್ಲಿ ಆಗುತ್ತದೆ ಎಂದು ತೋರಿಸಿದ್ದು ಮಾತ್ರ ನನ್ನದು.

ಮೊದಲ ವರ್ಷ ಅಂಗಡಿಯವನು ಕಟ್ಟಿಕೊಟ್ಟ ಒಂಬತ್ತು ವಾಟಿನ ಬಿಳಿ ಎಲ್‌ಇಡಿ. ನವೆಂಬರ್ ಪೂರ್ತಿ ಉರಿಸಿದೆ. ತೋಟ ಮದುವೆ ಚಪ್ಪರದಂತೆ ಕಂಡಿತು, ಮೊಗ್ಗು ಮಾತ್ರ ಬೆರಳೆಣಿಕೆ. ಬೆಳಕನ್ನು ಗುರುತಿಸುವ, ಗಿಡದೊಳಗಿನ ಫೈಟೋಕ್ರೋಮ್ ಎಂಬ ವರ್ಣಕಕ್ಕೆ ಬೇಕಾದದ್ದು ಕೆಂಪು ಬೆಳಕು. ನಮ್ಮ ಕಣ್ಣಿಗೆ ಪ್ರಖರವಾಗಿದ್ದರೆ ಅದಕ್ಕೇನು? ಎರಡನೇ ವರ್ಷ ಅರ್ಧ ಸಾಲಿಗೆ ಹಳದಿ ಛಾಯೆಯ ಬಲ್ಬು ಹಾಕಿದೆ. ಆ ಅರ್ಧದಲ್ಲಿ ಮೊಗ್ಗು ಮೂರು ಪಟ್ಟಾದರೂ ಇತ್ತು. ಈಗ ಹಳದಿಯ ಜೊತೆ ಕೆಂಪನ್ನೂ ಬೆರೆಸುತ್ತೇನೆ. ಎಷ್ಟಕ್ಕೆ ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಬೇಕಾದವರು ಸಂಜೆಯ ಮೇಲೆ ತೋಟಕ್ಕೆ ಬಂದು ಎಣಿಸಿಕೊಳ್ಳಲಿ. ಸೆಪ್ಟೆಂಬರಿನಲ್ಲಿ ಗಿಡಕ್ಕೆ ಮಾಡುವ ಒಂದು ಉಪಚಾರವೂ ಇದೆ. ಅದನ್ನೂ ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ಬಲ್ಬು ಎಲ್ಲಿ ತೂಗುತ್ತದೆ ಎಂಬುದೂ ಬಣ್ಣದಷ್ಟೇ ಮುಖ್ಯ. ದೀಪ ಕಂಡ ಮಗ್ಗುಲಿನ ಕಾಂಡಗಳಲ್ಲಿ ಮೊಗ್ಗು, ನೆರಳಿನ ಮಗ್ಗುಲು ಬೋಳು. ಒಂದೇ ಕಂಬದಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ಹಾಗಾಗಿ ಎರಡು ಸಾಲುಗಳ ನಡುವೆ ತಂತಿ ಎಳೆದು, ಕಂಬಕ್ಕೊಂದರಂತೆ, ಗಿಡದ ತಲೆಗಿಂತ ತುಸು ಕೆಳಗೆ ಇಳಿಬಿಟ್ಟಿದ್ದೇನೆ.

ಹೊತ್ತು ರಾತ್ರಿ ಹತ್ತರಿಂದ ಎರಡು. ಸಂಜೆ ವೋಲ್ಟೇಜು ಇರುವುದಿಲ್ಲವಾದ್ದರಿಂದ ಅದೂ ಅನುಕೂಲವೇ. ಹಳೆಯ ತಿರುಗಣೆ ಟೈಮರಿನಿಂದ ಮಾತ್ರ ಸಾಕಾಯಿತು. ಕರೆಂಟು ಹೋದಷ್ಟು ಹೊತ್ತು ಅದೂ ನಿಲ್ಲುತ್ತದೆ. ವಾರ ಕಳೆಯುವುದರೊಳಗೆ ದೀಪ ಬೆಳಗಿನ ಜಾವ ಉರಿಯತೊಡಗಿತ್ತು. ಒಳಗೆ ಬ್ಯಾಟರಿಯಿರುವ ಡಿಜಿಟಲ್ ಟೈಮರ್ ತಂದ ಮೇಲೆ ಆ ಕಾಟ ತಪ್ಪಿತು, ಒಂಬೈನೂರೋ ಏನೋ ಕೊಟ್ಟ ನೆನಪು.

ಕರೆಂಟ್ ಬಿಲ್ಲಿನಲ್ಲೇ ಮುಳುಗುತ್ತಾನೆ ಎಂದವರಿಗೆ ಲೆಕ್ಕ ಇಲ್ಲಿದೆ. ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿನಲ್ಲಿ ಇದನ್ನು ಉರಿಸುವಂತಿಲ್ಲ, ಬೇರೆ ಮೀಟರ್ ಬೇಕು. ನೂರೈವತ್ತು ಬಲ್ಬು, ನಾಲ್ಕು ಗಂಟೆ, ರಾತ್ರಿಗೆ ಐದೂವರೆ ಯೂನಿಟ್ಟಿನ ಒಳಗೆ. ಇಡೀ ಹಂಗಾಮಿಗೆ ಮೂರೂವರೆ, ನಾಲ್ಕು ಸಾವಿರ. ಹಳೆಯ ಕಾಲದ ಅರವತ್ತು ವಾಟಿನ ಬುರುಡೆಯಾಗಿದ್ದರೆ ಇದರ ಆರೇಳು ಪಟ್ಟು ಆಗುತ್ತಿತ್ತು, ಆಗ ಅವರ ಮಾತೂ ನಿಜವಾಗುತ್ತಿತ್ತು. ದುಡ್ಡು ನುಂಗಿದ್ದು ವೈರಿಂಗ್. ಉಪ್ಪುಗಾಳಿಗೆ ಅಗ್ಗದ ಹೋಲ್ಡರುಗಳು ಒಂದೇ ವರ್ಷದಲ್ಲಿ ಹಸಿರುಗಟ್ಟಿದವು. ಎರಡನೇ ಸಲ ಗಟ್ಟಿ ಸಾಮಾನು ಹಾಕಿಸುವಾಗ ಮೂವತ್ತು ಸಾವಿರದ ಮೇಲೆ ಹೋಯಿತು.

ಇನ್ನು ಅಸಲು ವಿಷಯ. ಘಟ್ಟದ ಮೇಲೆ, ಶಿರಸಿಯಲ್ಲಿರುವ ನನ್ನ ಭಾವನೂ ಡ್ರ್ಯಾಗನ್ ಬೆಳೆಗಾರನೇ. ನನ್ನದೇ ಬಲ್ಬು, ನನ್ನದೇ ಹೊತ್ತು, ನನ್ನ ತೋಟದಿಂದ ಒಯ್ದ ತುಂಡಿನಿಂದಲೇ ಬೆಳೆಸಿದ ಗಿಡ. ಡಿಸೆಂಬರಿನಲ್ಲಿ ಅವನಿಗೆ ಒಂದು ಮೊಗ್ಗೂ ಬರಲಿಲ್ಲ. ದೀಪದ ವಿದ್ಯೆಯೇ ಸುಳ್ಳು ಎಂದು ಆತ ಊರಿಡೀ ಸಾರಿದ. ಇಬ್ಬರೂ ತೋಟದಲ್ಲಿ ಥರ್ಮಾಮೀಟರ್ ಕಟ್ಟಿ ನೋಡಿದೆವು. ಅವನಲ್ಲಿ ಬೆಳಗಿನ ಜಾವ ಹದಿಮೂರು, ಹದಿನಾಲ್ಕು ಡಿಗ್ರಿ. ನನ್ನಲ್ಲಿ ಹತ್ತೊಂಬತ್ತು, ಇಪ್ಪತ್ತು. ರಾತ್ರಿ ತಣ್ಣಗಾದರೆ ಎಷ್ಟು ದೀಪ ಉರಿಸಿದರೂ ಈ ಗಿಡ ಕದಲುವುದಿಲ್ಲ. ಬೆಳಕು ಮತ್ತು ಶಾಖ ಬೇರೆ ಬೇರೆ ಖಾತೆಗಳಲ್ಲ. ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಲದ ಸಣ್ಣ ಕಳೆಯಲ್ಲಿ ಫೈಟೋಕ್ರೋಮ್ ಬಿ ಬೆಳಕಿನ ಜೊತೆಗೆ ಶಾಖವನ್ನೂ ಅಳೆಯುತ್ತದೆ ಎಂದು ವಿಜ್ಞಾನಿಗಳು 2016ರಲ್ಲೇ ತೋರಿಸಿದ್ದಾರೆ. ಘಟ್ಟದ ಕೆಳಗಿನ ಸೆಕೆಯನ್ನು ಬೈಯುತ್ತಲೇ ಬೆಳೆದವರು ನಾವು. ಅದಕ್ಕೂ ಬೆಲೆ ಕಟ್ಟಬಹುದೆಂದು ತಿಳಿದದ್ದು ಈಗ.

ಮಧ್ಯೆ ಒಂದಷ್ಟು ಮಂಗಾಟ ಮಾಡಿದ್ದೂ ಉಂಟು. ಮನೆಯವಳ ಸೇವಂತಿಗೆ ಕುಂಡಗಳಲ್ಲಿ ಕೆಲವನ್ನು ದೀಪದ ಕೆಳಗೆ ತಂದಿಟ್ಟೆ. ಜಗಲಿಯ ಕತ್ತಲಲ್ಲಿದ್ದವು ಹೂ ಬಿಟ್ಟು ಮುಗಿಸಿದರೂ ದೀಪದ ಕೆಳಗಿನವು ಎಲೆ ಮೇಲೆ ಎಲೆ ಹಾಕುತ್ತ ಮೊಣಕಾಲೆತ್ತರಕ್ಕೆ ಬೆಳೆದವು, ಮೊಗ್ಗಿಲ್ಲ. ಸೇವಂತಿಗೆಗೆ ಬೇಕಾದದ್ದು ಉದ್ದ ರಾತ್ರಿ. ಒಂದೇ ಬಲ್ಬು ಒಂದು ಗಿಡದ ಹೂ ತರಿಸಿತು, ಇನ್ನೊಂದರದ್ದು ತಡೆಯಿತು. ಕುಂಡ ಮರಳಿ ಜಗಲಿಗೆ ಬಂದ ಮೇಲೆ, ಎಲ್ಲರ ಸೇವಂತಿಗೆ ಒಣಗಿದ ಹೊತ್ತಿಗೆ, ಅವು ಅರಳಿದವು. ಇದರಲ್ಲೂ ವ್ಯಾಪಾರವಿದೆ, ನನಗೆ ಪುರಸೊತ್ತಿಲ್ಲ. ಬೇಲಿಯ ಕರಿ ಈಶಾಡು ಮಾವಿನ ಮರದ ಒಂದು ಟೊಂಗೆಗೂ ದೀಪ ಬಿದ್ದಿತ್ತು, ಅದು ಕ್ಯಾರೇ ಎನ್ನಲಿಲ್ಲ. ಮಾವು ಹಗಲಿನ ಉದ್ದ ನೋಡುವುದಿಲ್ಲ, ರಾತ್ರಿಯ ತಂಪು ನೋಡುತ್ತದೆ. ನನ್ನ ಡ್ರ್ಯಾಗನ್ ಖುಷಿಯಾಗಿರುವ ಬೆಚ್ಚಗಿನ ಡಿಸೆಂಬರಿನಲ್ಲಿ ನೆರೆಯವರ ಈಶಾಡು ಹೂ ಬಿಡದೆ ಸತಾಯಿಸುತ್ತದೆ.

ಈ ಸಲ ದೀಪಾವಳಿ ಕಳೆದ ಮೇಲೆ ದೀಪ ಶುರು. ಡಿಸೆಂಬರ್ ಮೊದಲಿಗೆ ಮೊಗ್ಗು, ಕ್ರಿಸ್‌ಮಸ್ ಸುಮಾರಿಗೆ ಹೂವು. ರಾತ್ರಿ ಟಾರ್ಚ್ ಕಟ್ಟಿಕೊಂಡು ಕುಂಚದಲ್ಲಿ ಪರಾಗ ಮುಟ್ಟಿಸಿದೆ. ತುಡುವೆ ಜೇನು ಬೆಳಿಗ್ಗೆ ಬರುತ್ತದೆ, ಆದರೆ ಅದನ್ನೇ ನಂಬಿ ಕೂತರೆ ಕಾಯಿ ಸಣ್ಣದು. ಚಳಿಯಲ್ಲಿ ಹಣ್ಣಾಗಲು ನಲವತ್ತು ದಿನ ದಾಟುತ್ತದೆ. ಬಾವಲಿಗೆ ಒಂದಷ್ಟು ಕಳೆದು ಕೈಗೆ ಬಂದದ್ದು ಐದು ಕ್ವಿಂಟಲ್ ಮೇಲೆ ಸ್ವಲ್ಪ, ಸರಾಸರಿ ನೂರಾ ಎಪ್ಪತ್ತರಂತೆ. ಮಳೆಗಾಲದ ಬೆಳೆಯಲ್ಲಿ ಇದರ ಎರಡು ಪಟ್ಟಿಗಿಂತ ಹೆಚ್ಚು ತೂಗಿಯೂ ಕೂಲಿ, ಔಷಧಿ ಕಳೆದರೆ ಇಷ್ಟು ಉಳಿದಿರಲಿಲ್ಲ.

ಭಾವನಿಗೆ ಡಿಸೆಂಬರಿನ ಆಸೆ ಬಿಟ್ಟು ಫೆಬ್ರವರಿ ನಡುವಿನಲ್ಲಿ, ಶಿರಸಿಯ ರಾತ್ರಿಗಳು ಬೆಚ್ಚಗಾಗುವ ಹೊತ್ತಿಗೆ ದೀಪ ಹಾಕಲು ಹೇಳಿದೆ. ಗೊಣಗುತ್ತಲೇ ಹಾಕಿದ. ಈಗ ಅವನ ಗಿಡದಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಮೊಗ್ಗುಗಳಿವೆ. ಮೇ ಮೊದಲ ವಾರ, ಬಯಲುಸೀಮೆಯ ಹಣ್ಣು ಬರುವ ಮೊದಲೇ, ಅವನ ಕಟಾವು ಆಗಬೇಕು. ಬಲ್ಬಿನ ದುಡ್ಡನ್ನು ಆಗಲೇ ಕೊಡುತ್ತಾನಂತೆ.