ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದವರು ಮಳೆಗಾಲದಲ್ಲಿ ವಾರ್ಫರಿನ್ ನುಂಗುವುದು ಹೇಗೆ?

ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕಿತ್ತು ಬಂದು ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಕನಿಷ್ಠ 3 ತಿಂಗಳು ರಕ್ತ ತೆಳು ಮಾಡುವ ಮಾತ್ರೆ ಬೇಕು. ಮಾತ್ರೆ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೇ. ಕರಗಿಸುವ ಕೆಲಸ ದೇಹದ್ದು, ಅದಕ್ಕೆ ವಾರಗಟ್ಟಲೆ ಸಮಯ ಬೇಕು. ಉಸಿರು ಹಗುರಾಯಿತೆಂದು ನಡುವೆ ನಿಲ್ಲಿಸುವುದೇ ದೊಡ್ಡ ತಪ್ಪು.

ಅಂಥ ಮಾತ್ರೆಯಾದ ವಾರ್ಫರಿನ್ ಸರಿಯಾಗಿ ಹಿಡಿಯಲು ಸುಮಾರು 5 ದಿನ ಬೇಕು, ಅಲ್ಲಿಯವರೆಗೆ ಹೆಪಾರಿನ್ ಚುಚ್ಚುಮದ್ದು ಜೊತೆಗಿರುತ್ತದೆ. ಮಾತ್ರೆಯನ್ನು ಸಂಜೆ ಒಂದೇ ಹೊತ್ತಿಗೆ ನುಂಗಿ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಐಎನ್ಆರ್ ಪರೀಕ್ಷೆಗೆ ಬೆಳಿಗ್ಗೆ ರಕ್ತ ಕೊಟ್ಟರೆ ಪ್ರಮಾಣ ಬದಲಿಸಲು ಅಂದೇ ಸಾಧ್ಯವಾಗುತ್ತದೆ. ಸಾಮಾನ್ಯವಾಗಿ ಐಎನ್ಆರ್ 2ರಿಂದ 3ರೊಳಗೆ ಇರಬೇಕು. ಸಂಜೆ ಮರೆತು ರಾತ್ರಿ ನೆನಪಾದರೆ ಆಗಲೇ ನುಂಗಿ. ಮರುದಿನ ನೆನಪಾದರೆ ಬಿಟ್ಟದ್ದು ಬಿಟ್ಟಂತೆ, ಎರಡು ಮಾತ್ರೆ ಒಟ್ಟಿಗೆ ಬೇಡ.

ಗುಡ್ಡ ಕುಸಿದು ರಸ್ತೆ ಮುಚ್ಚುವ ಊರು ನಮ್ಮದು. ಮಳೆ ಜೋರಾಗುವ ಮೊದಲೇ ಮೂರ್ನಾಲ್ಕು ವಾರಕ್ಕಾಗುವಷ್ಟು ಮಾತ್ರೆ ತಂದು ತೇವ ತಾಗದ ಡಬ್ಬಿಯಲ್ಲಿಡಿ. ತರುವಾಗ ಮಿಲಿಗ್ರಾಂ ನೋಡಿ: 2 ಕೇಳಿದಾಗ 5ರ ಪಟ್ಟಿ ಕೈಗೆ ಬಂದರೆ ರಕ್ತಸ್ರಾವಕ್ಕೆ ದಾರಿ.

ಕೆಸ, ಬಸಳೆ, ನುಗ್ಗೆ ಸೊಪ್ಪು ಬಿಡಬೇಕಿಲ್ಲ. ಸೊಪ್ಪಿನಲ್ಲಿರುವ ಕೆ ಜೀವಸತ್ವ ವಾರ್ಫರಿನ್‌ಗೆ ಎದುರು ನಿಲ್ಲುವುದರಿಂದ ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನಿ. ಕೊಡಗಿನಲ್ಲಿ ಕಕ್ಕಡ ತಿಂಗಳ 18ರಂದು ಮಾಡುವ ಮದ್ದು ಸೊಪ್ಪಿನ ಪಾಯಸ ಉಂಡರೆ ಮೂತ್ರ ಕೆಂಪಾಗುತ್ತದೆ, ಎಲ್ಲರಿಗೂ ಗೊತ್ತು. ಆದರೆ ಒಂದೆರಡು ದಿನ ಕಳೆದರೂ ಬಣ್ಣ ಹೋಗದಿದ್ದರೆ, ಅಥವಾ ಸೊಪ್ಪು ತಿನ್ನದೆಯೇ ಕೆಂಪಾದರೆ, ರಕ್ತವೆಂದೇ ತಿಳಿದು ಪರೀಕ್ಷೆ ಮಾಡಿಸಿ.

ತೋಟದಲ್ಲಿ ಜಿಗಣೆ ಕಾಟ ತಪ್ಪಿದ್ದಲ್ಲ. ಅದರ ಜೊಲ್ಲಿನಲ್ಲೇ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇದೆ, ಮೇಲೆ ಮಾತ್ರೆಯೂ ಸೇರಿದರೆ ಗಾಯ ಬೇಗ ಒಣಗದು. ಕಚ್ಚಿದಲ್ಲಿ ಶುಭ್ರ ಬಟ್ಟೆಯಿಟ್ಟು 15 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಿದರೆ ಮತ್ತೆ ಮೊದಲಿನಿಂದ. ಅರ್ಧ ಗಂಟೆಗೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಮೆಣಸು ಕೊಯ್ಯಲು ಏಣಿ ಹತ್ತುವ ಕೆಲಸ ಬೇರೆಯವರಿಗೆ ಬಿಡಿ. ಬಿದ್ದು ತಲೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ಸ್ಕ್ಯಾನ್ ಬೇಕಾಗಬಹುದು.

ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಐಎನ್ಆರ್ ಏರಿಸುತ್ತದೆ, ಕ್ಷಯದ ರಿಫಾಂಪಿಸಿನ್ ಇಳಿಸುತ್ತದೆ. ಯಾವ ಹೊಸ ಮದ್ದಿಗೂ ಮುಂಚೆ ವಾರ್ಫರಿನ್ ನುಂಗುತ್ತಿರುವುದನ್ನು ಹೇಳಿ. ಗರ್ಭಿಣಿಯಾದ ಸಂದೇಹವಿದ್ದರೆ ಕೂಡಲೇ ವೈದ್ಯರನ್ನು ಕಾಣಿ: ವಾರ್ಫರಿನ್ ಮಗುವಿಗೆ ಹಾನಿ ಮಾಡಬಲ್ಲದು, ಹೆಪಾರಿನ್ ಮಾಸು ದಾಟುವುದಿಲ್ಲ.

ಕೆಮ್ಮಿನಲ್ಲಿ ರಕ್ತ, ಕಪ್ಪು ಮಲ, ಇದ್ದಕ್ಕಿದ್ದಂತೆ ಎದೆನೋವು ಅಥವಾ ಉಬ್ಬಸ ಕಂಡರೆ ತಡಮಾಡಬೇಡಿ. 3 ತಿಂಗಳು ತಪ್ಪದೆ ನುಂಗಿಯೂ ಏರು ಹತ್ತುವಾಗ ಏದುಸಿರು ಹಾಗೆಯೇ ಇದ್ದರೆ ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯ ಬಗ್ಗೆ ಕೇಳಿ. ಕೆಲವರಲ್ಲಿ ಹೆಪ್ಪು ಕರಗದೆ ಗಟ್ಟಿಯಾಗಿ ಉಳಿದು ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿರುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇರೆ.