ಶಕುಂತಲಾ ದೇವಿಯವರ 26 ಅಂಕಿಯ ಉತ್ತರ ಸರಿನಾ? ಪೇಪರ್ ಮೇಲೆ ನೀವೇ ಚೆಕ್ ಮಾಡಿ

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರಿಗೆ ಕಂಪ್ಯೂಟರ್ ವಿಭಾಗದವರು 13 ಅಂಕಿಯ ಎರಡು ಸಂಖ್ಯೆ ಕೊಟ್ಟು ಗುಣಿಸಿ ಅಂದ್ರು, ಅವರು ಬರೀ 28 ಸೆಕೆಂಡಲ್ಲಿ ಉತ್ತರ ಹೇಳಿಬಿಟ್ರು. ಗಿನ್ನೆಸ್ ಪುಸ್ತಕಕ್ಕೂ ಹೋದ ಲೆಕ್ಕ ಇದು:

7,686,369,774,870 × 2,465,099,745,779 = 18,947,668,177,995,426,462,773,730

ಫೋನಿನ ಕ್ಯಾಲ್ಕುಲೇಟರಲ್ಲಿ ಹಾಕಿದ್ರೆ ಸಾಮಾನ್ಯವಾಗಿ ಮೊದಲ ಕೆಲವು ಅಂಕಿ ಮಾತ್ರ ಕಾಣ್ಸುತ್ತೆ, ಪೂರ್ತಿ ಗುಣಿಸೋಕೆ ಕೂತ್ರೆ ಗಂಟೆ ಹಿಡಿಯುತ್ತೆ. ಅಷ್ಟೆಲ್ಲ ಬೇಡ, ಕೂಡೋದು ಕಳೆಯೋದು ಬಂದ್ರೆ ಸಾಕು.

ಮೊದಲು 9ರ ಪರೀಕ್ಷೆ. ಮೊದಲ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿ, 78 ಬರುತ್ತೆ, 9ರಿಂದ ಭಾಗಿಸಿದ್ರೆ ಶೇಷ 6. ಎರಡನೇದು 74, ಶೇಷ 2. 6×2 ಅಂದ್ರೆ 12, ಅದರ ಶೇಷ 3. ಈಗ ಉತ್ತರದ ಅಂಕಿಗಳನ್ನ ಕೂಡಿದ್ರೆ 138, ಶೇಷ 3. ಕೂಡಿತು! 10, 100, 1000 ಯಾವುದನ್ನ 9ರಿಂದ ಭಾಗಿಸಿದ್ರೂ 1 ಉಳಿಯುತ್ತಲ್ಲ, ಅದಕ್ಕೇ ಅಂಕಿ ಕೂಡಿದ್ರೆ ಸಾಕಾಗೋದು.

ಆದ್ರೆ ಇದನ್ನೊಂದನ್ನೇ ನಂಬ್ಬೇಡಿ, ಯಾಕಂದ್ರೆ ಬರೆಯುವಾಗ 73ರ ಬದ್ಲು 37 ಅಂತ ಬರೆದ್ರೂ ಮೊತ್ತ ಅಷ್ಟೇ ಇರುತ್ತೆ, ತಪ್ಪು ಗೊತ್ತೇ ಆಗಲ್ಲ. ಅದನ್ನ ಹಿಡಿಯೋದು 11ರ ಪರೀಕ್ಷೆ. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿ, ಬಿಟ್ಟಿದ್ದನ್ನ ಬೇರೆ ಕೂಡಿ, ಕಳೀರಿ. ಎರಡನೇ ಸಂಖ್ಯೆಗೆ 37, 37, ವ್ಯತ್ಯಾಸ ಸೊನ್ನೆ, ಅಂದ್ರೆ ಅದು 11ರಿಂದ ಭಾಗ ಆಗುತ್ತೆ, ಹಾಗಾಗಿ ಉತ್ತರಾನೂ ಆಗ್ಲೇಬೇಕು. ಉತ್ತರದಲ್ಲಿ ನೋಡಿ: 69, 69. ನನಗಂತೂ ಈ ಜಾಗ ತುಂಬಾ ಇಷ್ಟ.

ಇನ್ನೂ ಗಟ್ಟಿ ಪರೀಕ್ಷೆ ಬೇಕಂದ್ರೆ 1001 ಹಿಡೀರಿ, ಅದು 7×11×13. ಮೂರು ಮೂರು ಅಂಕಿಯ ಗುಂಪುಗಳನ್ನ ಬಲದಿಂದ ಒಂದು ಸಲ ಕೂಡಿ, ಒಂದು ಸಲ ಕಳೀತಾ ಹೋಗಿ. ಮೊದಲ ಸಂಖ್ಯೆ: 870 − 774 + 369 − 686 + 7 = −214. ಎರಡನೇದಕ್ಕೆ ಇದೇ ಥರ ಮಾಡಿದ್ರೆ −330. ಇವೆರಡರ ಗುಣಲಬ್ಧ 70,620, ಅದನ್ನೂ ಹಂಗೇ ಮಾಡಿ: 620 − 70 = 550. ಈಗ ಉತ್ತರ: 730 − 773 + 462 − 426 + 995 − 177 + 668 − 947 + 18. ಅದೂ 550! ಹೀಗೇ ಮನಸಿಗೆ ಬಂದ ಯಾವ್ದೋ ಸಂಖ್ಯೆ ಬರೆದ್ರೆ 9 ಮತ್ತು 1001 ಎರಡೂ ಪರೀಕ್ಷೆ ದಾಟೋ ಸಾಧ್ಯತೆ 9009ರಲ್ಲಿ 1 ಅಷ್ಟೇ.

ಈ ಲೆಕ್ಕದಿಂದ್ಲೇ ಶಕುಂತಲಾ ದೇವಿಯವರ ಉತ್ತರದ ಗುಣಾನೂ ಸಿಗುತ್ತೆ. ಕೊನೆಗೆ 0 ಇದೆ, ಹಾಗಾಗಿ 2, 5ರಿಂದ ಭಾಗ ಆಗುತ್ತೆ, ಶೇಷ 3 ಬಂದಿದ್ರಿಂದ 3ರಿಂದ ಆಗುತ್ತೆ ಆದ್ರೆ 9ರಿಂದ ಆಗಲ್ಲ, 11ರಿಂದ ಆಗುತ್ತೆ ಅಂತ ಆಗ್ಲೇ ನೋಡಿದ್ವಿ, ಒಟ್ಟು 330ರಿಂದ ನಿಶ್ಶೇಷ. 7, 13ರಿಂದ ಮಾತ್ರ ಆಗಲ್ಲ, 550ನ್ನ ಭಾಗಿಸಿ ನೋಡಿ, ಎರಡರಲ್ಲೂ 4 ಉಳಿಯುತ್ತೆ.