ನಾಡಕಚೇರಿಯ ಕೌಂಟರ್ ಚೀಟಿ: ಹೊಸ ಪದ್ಧತಿಗೆ ಸಹಿ ಯಾರದು?

ಕೋಲಾರ ಜಿಲ್ಲೆಯ ಆಂಧ್ರ ಗಡಿಯ ಹೋಬಳಿಗಳಲ್ಲಿ ಜಾತಿ, ಆದಾಯ ಪ್ರಮಾಣ ಪತ್ರದ ಅರ್ಜಿ ಕೆಡುವುದು ಬಹಳ ಸಲ ಹೆಸರಿನಿಂದಲೇ. ಮನೆಮಾತು ತೆಲುಗು, ಮನೆತನದ ಹೆಸರು ಆಧಾರ್‌ನಲ್ಲಿ ಮುಂದೆ, ಪಡಿತರ ಚೀಟಿಯಲ್ಲಿ ಹಿಂದೆ, ಶಾಲೆಯ ಟಿಸಿಯಲ್ಲಿ ಇಲ್ಲವೇ ಇಲ್ಲ. ಇದು ಮೊದಲು ಕಣ್ಣಿಗೆ ಬೀಳುವುದು ಕೌಂಟರಿನ ಆಪರೇಟರ್‌ಗೆ. ಅವರೋ ಹೊರಗುತ್ತಿಗೆಯವರು, ಸಭೆಗೆ ಕರೆಯುವ ರೂಢಿಯಿಲ್ಲ.

ನಮ್ಮ ನಾಡಕಚೇರಿಯಲ್ಲಿ, ಅಂದರೆ ಹೋಬಳಿ ಮಟ್ಟದ ಕಂದಾಯ ಕಚೇರಿಯಲ್ಲಿ, ನಾವು ಆ ರೂಢಿ ಮುರಿದೆವು. ಸೋಮವಾರದ ಹದಿನೈದು ನಿಮಿಷದ ಸಭೆಯಲ್ಲಿ ಮೊದಲ ಮಾತು ಆಪರೇಟರ್‌ದು, ಆಮೇಲೆ ಗ್ರಾಮ ಆಡಳಿತಾಧಿಕಾರಿಗಳದು, ಕೊನೆಗೆ ಉಪ ತಹಶೀಲ್ದಾರರದು. ಸಾಹೇಬರು ಮೊದಲು ಬಾಯಿ ತೆರೆದರೆ ಉಳಿದವರದು ಬರೀ "ಸರಿ ಸಾರ್". ಕೌಂಟರ್ ಚೀಟಿ ಹುಟ್ಟಿದ್ದು ಅಲ್ಲೇ: ಎ4 ಹಾಳೆಯ ಕಾಲು ಭಾಗ, ನಾಲ್ಕು ಸಾಲು. ಆಧಾರ್‌ನ ಹೆಸರು, ಪಡಿತರ ಚೀಟಿಯ ಹೆಸರು, ತಂದೆಯ ಹೆಸರು, ತಾಳೆಯಾಗದಿದ್ದರೆ ತರಬೇಕಾದ ದಾಖಲೆ. ಅರ್ಜಿದಾರರ ಎದುರಿಗೇ ತುಂಬಿ ಕೈಗೆ ಕೊಡುವುದು.

ಚೀಟಿ ಅಚ್ಚು ಹಾಕಿಸುವುದು ಸುಲಭ. "ಇದು ಯಾವ ಸುತ್ತೋಲೆಯಲ್ಲಿದೆ?" ಎಂದು ತಪಾಸಣೆಗೆ ಬಂದವರು ಕೇಳಿದಾಗ ಸಿಕ್ಕಿಬೀಳುವವರು ಕೆಳಗಿನವರು, ಬಾಯಿಮಾತಿನ ಆದೇಶಕ್ಕೆ ವಾರಸುದಾರರಿರುವುದಿಲ್ಲ. ಆದ್ದರಿಂದ ಒಂದು ಪುಟದ ಕಚೇರಿ ಆದೇಶ ಬೇಕೇ ಬೇಕು: ಒಂದೇ ಕೌಂಟರ್, ನಾಲ್ಕು ವಾರ, ತಪ್ಪಾದರೆ ಹೊಣೆ ಸಹಿ ಹಾಕಿದ ಅಧಿಕಾರಿಯದು. ಕೊನೆಯ ಮಾತು ಬರೆಯಲು ಹಿಂಜರಿಯುವವರ ಕೈಕೆಳಗೆ ಪ್ರಯೋಗಕ್ಕೆ ಇಳಿಯದಿರುವುದೇ ಲೇಸು.

ಎರಡೇ ವಾರಕ್ಕೆ ಚೀಟಿ ಅರ್ಜಿ ವಾಪಸ್ ಕಳಿಸುವ ನೆಪವಾಯಿತು. ಕಾರಣ ಸರ್ಕಾರಿ ಸೇವೆಯನ್ನು ಗೊತ್ತುಪಡಿಸಿದ ದಿನಗಳೊಳಗೆ ಕೊಡಬೇಕೆನ್ನುವ 'ಸಕಾಲ' ಯೋಜನೆಯ ಲೆಕ್ಕದಲ್ಲೇ ಇದೆ. 2012ರ ಏಪ್ರಿಲ್‌ನಿಂದ ರಾಜ್ಯವಿಡೀ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಅರ್ಜಿ ಸ್ವೀಕರಿಸಿ ಸಂಖ್ಯೆ ಕೊಟ್ಟ ಮೇಲೆ ದಿನದೆಣಿಕೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಸಂಖ್ಯೆಯನ್ನೇ ಕೊಡದಿದ್ದರೆ ತಡವೆಂಬುದೇ ಇಲ್ಲವಲ್ಲ! ಆದೇಶಕ್ಕೆ ಒಂದು ಸಾಲು ಸೇರಿಸಿದೆವು: ಚೀಟಿ ಸಲಹೆಯಷ್ಟೇ, ಅರ್ಜಿದಾರರು ಕೊಡುತ್ತೇನೆಂದರೆ ತೆಗೆದುಕೊಂಡು ಸಂಖ್ಯೆ ಕೊಡಲೇಬೇಕು.

ತಿರಸ್ಕರಿಸಿದ ಅರ್ಜಿಯೂ ವಿಲೇವಾರಿಯ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಸಭೆಯಲ್ಲಿ "ಎಷ್ಟು ವಿಲೇವಾರಿ" ಎನ್ನುವುದನ್ನು ಬಿಟ್ಟು "ಎಷ್ಟು ತಿರಸ್ಕಾರ, ಯಾವ ಕಾರಣಕ್ಕೆ" ಎಂದು ಕೇಳತೊಡಗಿದೆವು. ಮೇಲಿನವರು ಕೇಳುವ ಅಂಕಿಯನ್ನೇ ಕಚೇರಿ ತಯಾರಿಸುತ್ತದೆ. ಇನ್ನೊಂದು: ಚುರುಕಾಗಿ ಕೆಲಸ ಮುಗಿಸಿದವರ ಮೇಜಿಗೆ ಪಕ್ಕದವರ ಕಡತ ತಳ್ಳಬೇಡಿ, ಮುಂದಿನ ತಿಂಗಳು ಅವರೂ ನಿಧಾನವಾಗುತ್ತಾರೆ.

ವರ್ಗಾವಣೆಯಾದರೆ ಪದ್ಧತಿಯೂ ಅಧಿಕಾರಿಯ ಜೊತೆ ಹೊರಟುಹೋಗುತ್ತದೆ. ಅದಕ್ಕೇ ಆದೇಶದ ಸಂಖ್ಯೆಯನ್ನು ಅಧಿಕಾರ ವಹಿಸಿಕೊಡುವಾಗಿನ ಚಾರ್ಜ್ ಪಟ್ಟಿಯಲ್ಲಿ ನಮೂದಿಸಿದ್ದೇವೆ. ಹೊಸಬರು ಬೀರುವಿನ ಕೀಲಿ, ಸೀಲಿನ ಜೊತೆಗೆ ಅದಕ್ಕೂ ಸಹಿ ಹಾಕಿ ತೆಗೆದುಕೊಳ್ಳಬೇಕು.